ಕೂಡಿ ದುಡಿಯುವ ಕಲೆ: ಕಾಲೇಜ್ ಸ್ಟ್ರೀಟಿನ ಕಾಫಿ ಹೌಸ್ ಕಲಿಸುವ ಪಾಠ

ಕೋಲ್ಕತ್ತದಲ್ಲಿ ನೆಲೆಸಿರುವ ಕನ್ನಡಿಗರಿಗೆ ಕಾಲೇಜ್ ಸ್ಟ್ರೀಟಿನ ಕಾಫಿ ಹೌಸ್ ಅಪರಿಚಿತ ತಾಣವೇನಲ್ಲ. ಪುಸ್ತಕದಂಗಡಿಗಳ ಸಾಲನ್ನು ದಾಟಿ, ಮೆಟ್ಟಿಲು ಹತ್ತಿ, ಎತ್ತರದ ಛಾವಣಿಯ ಆ ಸಭಾಂಗಣದಲ್ಲಿ ಒಂದು ಲೋಟ 'ಇನ್‌ಫ್ಯೂಷನ್' ಕಾಫಿಯನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕುಳಿತ ಅನುಭವ ನಮ್ಮಲ್ಲಿ ಅನೇಕರಿಗೆ ಉಂಟು. ಸತ್ಯಜಿತ್ ರಾಯ್, ಮೃಣಾಲ್ ಸೇನ್, ಸುನೀಲ್ ಗಂಗೋಪಾಧ್ಯಾಯ ಮುಂತಾದವರು ಇಲ್ಲಿ ಕುಳಿತು ಹರಟಿದ ಕಥೆಗಳೂ ನಮಗೆ ಗೊತ್ತು. ಮನ್ನಾ ಡೇ ಅವರು 1983ರಲ್ಲಿ ಹಾಡಿದ ಪ್ರಸಿದ್ಧ ಬಂಗಾಳಿ ಗೀತೆಯಂತೂ ಈ ಸ್ಥಳವನ್ನು ಮನೆಮನೆಗೆ ತಲುಪಿಸಿತು. ಆದರೆ ಮೇಜಿನ ಈಚೆ ಕುಳಿತವರ ಕಥೆ ಎಷ್ಟು ಪ್ರಸಿದ್ಧವೋ, ಬಿಳಿಯ ಸಮವಸ್ತ್ರ ಧರಿಸಿ ಪೇಟ ಸುತ್ತಿ ಮೇಜಿನ ಆಚೆ ನಿಂತವರ ಕಥೆ ಅಷ್ಟೇ ಅಜ್ಞಾತ. ಈ ಸಂಸ್ಥೆಗೆ ಒಬ್ಬ ಧಣಿಯಿಲ್ಲ. ಅಲ್ಲಿ ಕಾಫಿ ತಂದುಕೊಡುವವರು ಸೇರಿ ಕಟ್ಟಿಕೊಂಡ ಸಹಕಾರ ಸಂಘವೇ ಅದನ್ನು ನಡೆಸುತ್ತಿದೆ.

ಉದ್ಯಮವೊಂದರಲ್ಲಿ ದುಡಿಯುವವರು ಪರಸ್ಪರ ಕೈಜೋಡಿಸಿ, 'ಇದು ನಮ್ಮದು' ಎಂಬ ಭಾವದಿಂದ ಕೆಲಸ ಮಾಡುವ ವಾತಾವರಣವನ್ನು ನಿರ್ಮಿಸುವುದು ಹೇಗೆ? ಇಂದು ಆಡಳಿತ ನಿರ್ವಹಣೆಯ ಶಾಲೆಗಳಲ್ಲಿ ಬಹುವಾಗಿ ಚರ್ಚೆಯಾಗುವ ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕನ್ನಡನಾಡಿನ ಕಾಫಿಯನ್ನು ಬಂಗಾಳದ ಮೇಜಿಗೆ ತಂದ ಈ ಸಂಸ್ಥೆಯ ಇತಿಹಾಸವನ್ನು ಅವಲೋಕಿಸಿದರೆ ಸಾಕು.

ಕಾಫಿ ಹೌಸಿನ ಹಿನ್ನೆಲೆ

ಭಾರತದ ಒಟ್ಟು ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ತೋಟಗಳೇ ಇದರ ಮೂಲ. 1930ರ ದಶಕದ ಜಾಗತಿಕ ಆರ್ಥಿಕ ಕುಸಿತದಲ್ಲಿ ಹೊರದೇಶದ ಬೇಡಿಕೆ ಕುಗ್ಗಿದಾಗ, ಬೆಳೆಗಾರರ ರಕ್ಷಣೆಗಾಗಿ ದೇಶದೊಳಗೇ ಕಾಫಿ ಕುಡಿಯುವ ಅಭ್ಯಾಸವನ್ನು ಹರಡುವುದು ಅನಿವಾರ್ಯವಾಯಿತು. ಇದಕ್ಕಾಗಿ ಕಾಫಿ ಸೆಸ್ ಸಮಿತಿಯು 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸನ್ನು ತೆರೆಯಿತು. ಮುಂದೆ ರೂಪುಗೊಂಡ ಕಾಫಿ ಬೋರ್ಡ್ ಈ ಸರಣಿಯನ್ನು ದೇಶದ ಅನೇಕ ನಗರಗಳಿಗೆ ವಿಸ್ತರಿಸಿತು. ಕೋಲ್ಕತ್ತದಲ್ಲಿ ಅದು ಆಯ್ದುಕೊಂಡ ಕಟ್ಟಡ 1876ರಲ್ಲಿ ಸ್ಥಾಪಿತವಾಗಿದ್ದ ಆಲ್ಬರ್ಟ್ ಹಾಲ್. ಸುರೇಂದ್ರನಾಥ ಬ್ಯಾನರ್ಜಿಯವರ ಇಂಡಿಯನ್ ಅಸೋಸಿಯೇಷನ್ ಜನ್ಮ ತಳೆದದ್ದು ಇದೇ ಸಭಾಂಗಣದಲ್ಲಿ. 1942ರಲ್ಲಿ ಇಲ್ಲಿ ಕಾಫಿಯ ಸರಬರಾಜು ಆರಂಭವಾಯಿತು.

1950ರ ದಶಕದ ಮಧ್ಯಭಾಗದಲ್ಲಿ ಕಾಫಿ ಬೋರ್ಡಿನ ನೀತಿ ಬದಲಾಯಿತು. ಕಾಫಿ ಹೌಸುಗಳನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಅಡುಗೆಯವರು, ಬಡಿಸುವವರು, ಲೋಟ ತೊಳೆಯುವವರು ಏಕಾಏಕಿ ಬೀದಿಗೆ ಬೀಳುವ ಸ್ಥಿತಿ ಒದಗಿತು. ಅವರಿಗೆ ಬೇರೆ ಬಂಡವಾಳವಿರಲಿಲ್ಲ. ಇದ್ದ ಬಂಡವಾಳವೆಂದರೆ ಕಸುಬು ಮತ್ತು ಪರಸ್ಪರ ಪರಿಚಯ. ಆಗ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರು, ಕೆಲಸ ಕಳೆದುಕೊಳ್ಳುತ್ತಿರುವ ನೌಕರರೇ ಸಹಕಾರ ಸಂಘಗಳನ್ನು ರಚಿಸಿಕೊಂಡು ಕಾಫಿ ಹೌಸುಗಳನ್ನು ವಹಿಸಿಕೊಳ್ಳಬೇಕೆಂದು ಹುರಿದುಂಬಿಸಿದರು. ಗೋಪಾಲನ್ ಅವರು 1957ರ ಚುನಾವಣೆಯಲ್ಲಿ ಕಾಸರಗೋಡು ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು ಎಂಬುದು ಗಡಿನಾಡ ಕನ್ನಡಿಗರಿಗೆ ನೆನಪಿರಬಹುದು.

ಇಂತಹ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಅದೇ ವರ್ಷ ಅಕ್ಟೋಬರ್ 27ರಂದು ದೆಹಲಿಯಲ್ಲಿ ನೌಕರರೇ ನಡೆಸುವ ಮೊದಲ ಕಾಫಿ ಹೌಸ್ ತೆರೆಯಿತು. ಬಳಿಕ ಪಾಂಡಿಚೇರಿ, ತ್ರಿಶೂರು, ಲಖನೌ, ನಾಗಪುರ, ಜಬಲ್ಪುರ ಮುಂತಾದೆಡೆ ಈ ಪ್ರಯೋಗ ಹಬ್ಬಿತು. ಕೋಲ್ಕತ್ತದಲ್ಲಿ 1958ರಲ್ಲಿ ಕಾಫಿ ಹೌಸನ್ನು ಮುಚ್ಚುವ ತೀರ್ಮಾನವಾದಾಗ ಪ್ರೆಸಿಡೆನ್ಸಿ ಕಾಲೇಜು ಮತ್ತು ಕಲ್ಕತ್ತಾ ವಿಶ್ವವಿದ್ಯಾಲಯದ ಅಧ್ಯಾಪಕರು ಸರ್ಕಾರಕ್ಕೆ ಮನವಿ ಸಲ್ಲಿಸಿದರು; ಅದೇ ವರ್ಷ ಬಾಗಿಲು ಪುನಃ ತೆರೆಯಿತು. ಅಂದರೆ, ನೌಕರರಿಗೆ ಆ ಉದ್ಯೋಗ ಎಷ್ಟು ಬೇಕಾಗಿತ್ತೋ ಗ್ರಾಹಕರಿಗೂ ಆ ತಾಣ ಅಷ್ಟೇ ಬೇಕಾಗಿತ್ತು. ಮುಚ್ಚುವ ಅಂಗಡಿಗಾಗಿ ಗಿರಾಕಿಗಳು ಅರ್ಜಿ ಬರೆಯುವುದು ಅಪರೂಪ. ಆ ವಿಶ್ವಾಸವನ್ನು ವರ್ಷಗಟ್ಟಲೆ ಬಡಿಸಿ ಸಂಪಾದಿಸಿದವರು ಅಲ್ಲಿನ ನೌಕರರು.

'ಸಮವಾಯ' ಎಂಬ ಶಬ್ದ

ನಾವು 'ಸಹಕಾರ' ಎನ್ನುವುದನ್ನು ಬಂಗಾಳಿಗಳು 'ಸಮವಾಯ' ಎನ್ನುತ್ತಾರೆ. ಅವರ ಉಚ್ಚಾರದಲ್ಲಿ ಅದು 'ಶೊಮೊಬಾಯ್'. ಈ ನಗರದ ಸಹಕಾರ ಸಂಘಗಳ ಫಲಕಗಳಲ್ಲೆಲ್ಲ ಈ ಪದವನ್ನು ಕಾಣಬಹುದು. ರವೀಂದ್ರನಾಥ ಠಾಕೂರರು ಈ ವಿಷಯವನ್ನು ಕುರಿತು ಬರೆದ ಪ್ರಬಂಧಗಳ ಸಂಕಲನದ ಹೆಸರೂ 'ಸಮವಾಯನೀತಿ'. ನ್ಯಾಯ-ವೈಶೇಷಿಕ ದರ್ಶನಗಳ ಪರಿಚಯವುಳ್ಳವರಿಗೆ ಈ ಶಬ್ದ ಹೊಸದಲ್ಲ. ನವ್ಯನ್ಯಾಯದ ಪೀಠವಾಗಿದ್ದ ನವದ್ವೀಪವಿರುವ ಬಂಗಾಳದಲ್ಲಿ ಇದು ಬಳಕೆಗೆ ಬಂದದ್ದು ಸಹಜವೂ ಹೌದು.

ಆ ದರ್ಶನದಲ್ಲಿ ಎರಡು ಬಗೆಯ ಸಂಬಂಧಗಳನ್ನು ಹೇಳುತ್ತಾರೆ. ಕುಂಡದಲ್ಲಿ ಎಲಚಿಹಣ್ಣುಗಳಿದ್ದರೆ ಕುಂಡಕ್ಕೂ ಹಣ್ಣಿಗೂ ಇರುವುದು 'ಸಂಯೋಗ'. ಹಣ್ಣನ್ನು ಹೊರತೆಗೆದರೂ ಎರಡೂ ಹಾಗೆಯೇ ಉಳಿಯುತ್ತವೆ. ನೂಲಿಗೂ ಬಟ್ಟೆಗೂ ಇರುವುದು 'ಸಮವಾಯ'. ನೂಲನ್ನು ಎಳೆದು ತೆಗೆಯುತ್ತ ಹೋದರೆ ಬಟ್ಟೆಯೇ ಇಲ್ಲವಾಗುತ್ತದೆ. ಎಷ್ಟೋ ಕಚೇರಿಗಳಲ್ಲಿ ನೌಕರರು ಕುಂಡದ ಎಲಚಿಹಣ್ಣುಗಳಂತೆ ಒಂದೆಡೆ ಇರುತ್ತಾರೆ, ಅಷ್ಟೆ. ಒಬ್ಬರು ಬಿಟ್ಟುಹೋದರೆ ಮತ್ತೊಬ್ಬರನ್ನು ತಂದು ತುಂಬಲಾಗುತ್ತದೆ. ಕೂಡುದುಡಿಮೆಯ ಸಂಸ್ಕೃತಿಯನ್ನು ಕಟ್ಟುವುದೆಂದರೆ ಸಂಯೋಗವನ್ನು ಸಮವಾಯವಾಗಿ ಮಾರ್ಪಡಿಸುವ ಪ್ರಯತ್ನ ಎನ್ನಬಹುದು.

ಕನ್ನಡನಾಡಿನ ಪರಂಪರೆ

ನಮ್ಮ ನಾಡಿಗೂ ಇದು ಹೊಸ ವಿಚಾರವಲ್ಲ. ಮಲೆನಾಡು ಮತ್ತು ಬಯಲುಸೀಮೆಯ ಹಳ್ಳಿಗಳಲ್ಲಿ 'ಮುಯ್ಯಾಳು' ಪದ್ಧತಿ ತಲೆತಲಾಂತರದಿಂದ ಬಂದಿದೆ. ನಾಟಿಯ ಕಾಲದಲ್ಲಿ ಇಂದು ಹತ್ತು ಮನೆಯವರು ನಮ್ಮ ಗದ್ದೆಗೆ ಬಂದರೆ, ನಾಳೆ ನಮ್ಮ ಮನೆಯವರು ಅವರ ಗದ್ದೆಗೆ ಹೋಗುತ್ತಾರೆ. ಇಲ್ಲಿ ಹಣದ ಮಾತಿಲ್ಲ. ಒಂದು ದಿನದ ದುಡಿಮೆಗೆ ಒಂದು ದಿನದ ದುಡಿಮೆಯೇ ಪ್ರತಿಫಲ. ಗಮನಾರ್ಹವಾದ ಸಂಗತಿಯೆಂದರೆ, ಮುಯ್ಯಿಯ ಲೆಕ್ಕವನ್ನು ಯಾರೂ ಕಾಗದದಲ್ಲಿ ಬರೆದಿಡದಿದ್ದರೂ ಊರಿನಲ್ಲಿ ಯಾರೂ ಮರೆಯುವುದಿಲ್ಲ. ನಂಬಿಕೆ ಮತ್ತು ಲೆಕ್ಕ ಎರಡೂ ಜೊತೆಯಾಗಿ ಸಾಗುತ್ತವೆ.

ಆಧುನಿಕ ಅರ್ಥದ ಸಹಕಾರವೂ ನಮ್ಮಲ್ಲಿ ಬೇಗನೆ ಬೇರೂರಿತು. 1904ರ ಕಾನೂನು ಜಾರಿಗೆ ಬಂದ ಮರುವರ್ಷವೇ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಕಾಕತಾಳೀಯವೆಂಬಂತೆ ಅದೇ ಕಾಲದಲ್ಲಿ ರವೀಂದ್ರನಾಥರು ಪತಿಸರದಲ್ಲಿ ರೈತರಿಗಾಗಿ ಕೃಷಿ ಬ್ಯಾಂಕನ್ನು ಆರಂಭಿಸಿ, ಮುಂದೆ ತಮ್ಮ ನೊಬೆಲ್ ಪಾರಿತೋಷಕದ ಹಣವನ್ನು ಅದರಲ್ಲಿ ತೊಡಗಿಸಿದರು. 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೋ, ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರನ್ನು ಒಂದೇ ಛತ್ರದಡಿ ತಂದಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ಸ್ಥಾಪಿಸಿತು. ಇವು ಬೆಳೆಗಾರರ ಹಾಗೂ ರೈತರ ಸಂಘಗಳು. ಕಾಫಿ ಹೌಸಿನ ವೈಶಿಷ್ಟ್ಯವೆಂದರೆ, ಅಲ್ಲಿ ಸಂಬಳಕ್ಕೆ ದುಡಿಯುವವರೇ ಸದಸ್ಯರು.

ಹೊಣೆಯಲ್ಲಿ ಪಾಲು

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 1844ರಲ್ಲಿ 28 ಮಂದಿ ಸೇರಿ ತೆರೆದ ಪುಟ್ಟ ಅಂಗಡಿಯಿಂದ ಇಂದಿನವರೆಗೆ, ಸಹಕಾರ ಚಳವಳಿಯ ಮೂಲಸೂತ್ರ ಒಂದೇ: ಎಷ್ಟೇ ಷೇರುಗಳಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ನೌಕರರ ಸಹಕಾರ ಸಂಘದಲ್ಲಿ ಇದರ ಪರಿಣಾಮ ವಿಶೇಷವಾದುದು. ಬೆಳಿಗ್ಗೆ ವ್ಯವಸ್ಥಾಪಕನ ಆಜ್ಞೆಯನ್ನು ಪಾಲಿಸುವ ವ್ಯಕ್ತಿಯೇ ವಾರ್ಷಿಕ ಮಹಾಸಭೆಯಲ್ಲಿ ಎದ್ದುನಿಂತು ಆ ವ್ಯವಸ್ಥಾಪಕನ ಲೆಕ್ಕವನ್ನು ಪ್ರಶ್ನಿಸಬಲ್ಲ. ಕೆಲಸದ ವೇಳೆಯಲ್ಲಿ ಶಿಸ್ತು, ಸಭೆಯಲ್ಲಿ ಸಮಾನತೆ. ಇವೆರಡನ್ನೂ ಬೆರೆಸದೆ, ಎರಡನ್ನೂ ಬಿಡದೆ ನಡೆಸುವುದೇ ಇಲ್ಲಿನ ಕೌಶಲ.

ಕೇರಳದ ಕಾಫಿ ಹೌಸುಗಳಲ್ಲಿ ಕೆಳಗಿನ ಹುದ್ದೆಯಿಂದ ಸೇರಿದವರು ಹಂತಹಂತವಾಗಿ ಮೇಲೇರಿ ವ್ಯವಸ್ಥಾಪಕರಾಗುವ ಪದ್ಧತಿ ಹೆಸರಾಗಿದೆ. 'ಆಳಾಗಬಲ್ಲವನು ಅರಸಾಗಬಲ್ಲ' ಎಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಲೋಟ ತೊಳೆದು ಬಂದ ವ್ಯವಸ್ಥಾಪಕನಿಗೆ ಲೋಟ ಏಕೆ ಒಡೆಯುತ್ತದೆ ಎಂಬುದು ಗೊತ್ತಿರುತ್ತದೆ.

ಖಾಸಗಿ ಉದ್ಯಮಗಳು ಸಹಕಾರ ಸಂಘಗಳಾಗಬೇಕೆಂದು ಇದರ ಅರ್ಥವಲ್ಲ. ಪಾಲು ನೀಡುವುದಕ್ಕೆ ಬೇರೆ ಮಾರ್ಗಗಳೂ ಇವೆ. 1981ರಲ್ಲಿ ಏಳು ಮಂದಿ ಸೇರಿ ಆರಂಭಿಸಿದ ಇನ್ಫೋಸಿಸ್, 1990ರ ದಶಕದಲ್ಲಿ ತನ್ನ ಉದ್ಯೋಗಿಗಳಿಗೆ ಷೇರುಗಳನ್ನು ಹಂಚಿದಾಗ ಅದು ದೇಶದಲ್ಲಿ ತೀರ ಹೊಸ ಹೆಜ್ಜೆಯಾಗಿತ್ತು. ಹತ್ತು ಮಂದಿಯ ಸಣ್ಣ ಉಪಾಹಾರ ಗೃಹದಲ್ಲಾದರೆ, ಹಬ್ಬದ ತಿಂಗಳ ಲಾಭದಲ್ಲಿ ನಿಗದಿತ ಅಂಶವನ್ನು ಎಲ್ಲರಿಗೂ ಹಂಚುವ ಸರಳ ಕ್ರಮವೂ ಸಾಕು. ಮುಖ್ಯವಾದುದೆಂದರೆ ಆ ಅಂಶವು ಮುಂಚಿತವಾಗಿ ತಿಳಿದಿರಬೇಕು. ಧಣಿಯ ಮರ್ಜಿಯಂತೆ ಬದಲಾಗುವ ಬಕ್ಷೀಸು ಪಾಲು ಎನಿಸಿಕೊಳ್ಳದು.

ತಪ್ಪನ್ನು ಹೇಳುವ ಧೈರ್ಯ

ಅಮೆರಿಕದ ವಿದ್ವಾಂಸೆ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದರು. ಉತ್ತಮ ತಂಡಗಳಲ್ಲಿ ಔಷಧ ನೀಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆಂಬುದು ಅವರ ನಿರೀಕ್ಷೆ. ಆದರೆ ದಾಖಲೆಗಳಲ್ಲಿ ಕಂಡದ್ದು ಇದಕ್ಕೆ ವಿರುದ್ಧ: ಉತ್ತಮ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕಾರಣವನ್ನು ಶೋಧಿಸಿದಾಗ, ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ ಎಂಬ ವಿವರಣೆ ದೊರೆಯಿತು. ಹೇಳಿದರೆ ಅವಮಾನವಾಗದು ಎಂಬ ಈ ನಂಬಿಕೆಯನ್ನು ಅವರು 1999ರ ಪ್ರಬಂಧವೊಂದರಲ್ಲಿ ತಂಡದ ಕಲಿಕೆಯ ಆಧಾರವೆಂದು ಪ್ರತಿಪಾದಿಸಿದರು.

ಟೊಯೊಟಾ ಕಂಪನಿಯ ಉತ್ಪಾದನಾ ಪದ್ಧತಿಯಲ್ಲಿಯೂ ಇದೇ ತತ್ವವಿದೆ. ದೋಷ ಕಂಡ ಯಾವುದೇ ಕಾರ್ಮಿಕನು ಹಗ್ಗವೆಳೆದು ಎಚ್ಚರಿಕೆ ನೀಡಬಹುದು. ಅಗತ್ಯವಾದರೆ ಜೋಡಣೆಯ ಸಾಲೇ ನಿಲ್ಲುತ್ತದೆ. ಆದರೆ ಹಗ್ಗವಿದ್ದ ಮಾತ್ರಕ್ಕೆ ಫಲವಿಲ್ಲ. ಎಳೆದವನನ್ನು ಮೇಸ್ತ್ರಿಯು ಗದರಿದರೆ ಮರುದಿನ ಯಾರೂ ಎಳೆಯುವುದಿಲ್ಲ. ಮನೆಯ ಮಕ್ಕಳು ಒಡೆದ ಬಟ್ಟಲಿನ ಚೂರನ್ನು ಹಾಸಿಗೆಯಡಿ ಬಚ್ಚಿಡುವುದು ಯಾಕೆಂದು ಎಲ್ಲ ತಾಯಂದಿರಿಗೂ ತಿಳಿದಿದೆ. ಉದ್ಯಮದಲ್ಲಿಯೂ ಅಷ್ಟೆ. ಸಂಜೆ ಅಂಗಡಿ ಮುಚ್ಚುವ ಮುನ್ನ ಹತ್ತು ನಿಮಿಷ ಎಲ್ಲರೂ ನಿಂತು, ಇಂದು ಏನು ಕೆಟ್ಟಿತು, ನಾಳೆ ಅದನ್ನು ಹೇಗೆ ತಡೆಯಬಹುದು ಎಂದು ಮಾತನಾಡುವ ರೂಢಿಯಿದ್ದರೆ, ಮತ್ತು ಧಣಿಯೇ ಮೊದಲು ತನ್ನ ತಪ್ಪನ್ನು ಹೇಳಿಕೊಂಡರೆ, ಆ ಹತ್ತು ನಿಮಿಷಗಳು ದೊಡ್ಡ ತರಬೇತಿ ಶಿಬಿರಗಳಿಗಿಂತ ಹೆಚ್ಚಿನ ಫಲ ನೀಡುತ್ತವೆ.

ಭಾಷೆಯ ಪ್ರಶ್ನೆ

ಹೊರನಾಡ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಈ ನಗರದಲ್ಲಿ ನಮ್ಮವರು ನಡೆಸುವ ಅಂಗಡಿ, ಹೋಟೆಲು ಅಥವಾ ಕಚೇರಿಗಳಲ್ಲಿ ಬಂಗಾಳ, ಒಡಿಶಾ, ಬಿಹಾರಗಳ ಸಹೋದ್ಯೋಗಿಗಳು ಇರುತ್ತಾರೆ. ಧಣಿಯೂ ವ್ಯವಸ್ಥಾಪಕರೂ ಕನ್ನಡಿಗರಾಗಿದ್ದು ಎಲ್ಲರೆದುರು ತಮ್ಮತಮ್ಮಲ್ಲೇ ಕನ್ನಡದಲ್ಲಿ ಮಾತನಾಡಿಕೊಂಡರೆ, ಆ ಮಾತು ಮಳೆಯ ಬಗ್ಗೆಯೇ ಇದ್ದರೂ ಕೇಳುವವರಿಗೆ ಅದು ತಮ್ಮ ಬಗ್ಗೆ ಎನಿಸುತ್ತದೆ. ಹೊಸದಾಗಿ ಈ ಊರಿಗೆ ಬಂದ ದಿನಗಳಲ್ಲಿ ನಾವೆಲ್ಲರೂ ಬಂಗಾಳಿ ಮಾತಿನ ನಡುವೆ ಇದೇ ಕಸಿವಿಸಿಯನ್ನು ಅನುಭವಿಸಿದವರೇ ತಾನೆ? ಕನ್ನಡದ ಮೇಲಿನ ಅಭಿಮಾನಕ್ಕೆ ಮನೆಯಿದೆ, ಸಂಘವಿದೆ. ದುಡಿಯುವ ಸ್ಥಳದಲ್ಲಿ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ವ್ಯವಹರಿಸುವುದು ಕೂಡುದುಡಿಮೆಯ ಮೊದಲ ಸೌಜನ್ಯ. 'ದಾದಾ' ಎಂದು ಕರೆಸಿಕೊಳ್ಳುವವನಿಗೂ 'ಎಯ್' ಎಂದು ಕರೆಸಿಕೊಳ್ಳುವವನಿಗೂ ಕೆಲಸದಲ್ಲಿ ಇರುವ ಶ್ರದ್ಧೆ ಒಂದೇ ಆಗಿರಲಾರದು.

ಬಂಗಾಳದ ಪೂಜಾ ಸಮಿತಿ

ಇಲ್ಲಿನ ದುರ್ಗಾಪೂಜೆಯನ್ನು ನೋಡಿಯೂ ನಾವು ಕಲಿಯಬಹುದು. ಜಮೀನ್ದಾರರ ಮನೆಗಳಿಗೆ ಸೀಮಿತವಾಗಿದ್ದ ಪೂಜೆಯನ್ನು ಹೂಗ್ಲಿ ಜಿಲ್ಲೆಯ ಗುಪ್ತಿಪಾಡಾದಲ್ಲಿ ಹನ್ನೆರಡು ಮಿತ್ರರು ಸೇರಿ ಚಂದಾ ಎತ್ತಿ ನಡೆಸಿದರೆಂದೂ, ಅದರಿಂದಲೇ 'ಬಾರೋವಾರಿ' ಎಂಬ ಹೆಸರು ಬಂದಿತೆಂದೂ ಪ್ರತೀತಿ. 2021ರಲ್ಲಿ ಕೋಲ್ಕತ್ತದ ದುರ್ಗಾಪೂಜೆಗೆ ಯುನೆಸ್ಕೋದ ಮಾನ್ಯತೆ ದೊರೆತಾಗ, ಕಲೆಯ ಜೊತೆಗೆ ಈ ಸಮುದಾಯದ ದುಡಿಮೆಗೂ ಗೌರವ ಸಂದಂತಾಯಿತು. ಬೀದಿಯೊಂದರ ಪೂಜಾ ಸಮಿತಿಯಲ್ಲಿ ವೈದ್ಯರು, ಗುಮಾಸ್ತರು, ವಿದ್ಯಾರ್ಥಿಗಳು ಒಟ್ಟಾಗಿರುತ್ತಾರೆ. ಚಂದಾ, ಮಂಟಪ, ಭೋಗ, ವಿಸರ್ಜನೆ ಎಂದು ಹೊಣೆಗಳನ್ನು ಸ್ಪಷ್ಟವಾಗಿ ಹಂಚಿಕೊಳ್ಳುತ್ತಾರೆ. ಹೊಣೆ ಹಂಚದೆ ಜನರನ್ನು ಮಾತ್ರ ಸೇರಿಸಿದರೆ ಏನಾಗುತ್ತದೆಂಬುದನ್ನು 'ಆಳಿನ ಮೇಲೆ ಆಳು ಬಿದ್ದು ದೋಣಿ ಬರಿದಾಯಿತು' ಎಂಬ ಗಾದೆ ಹೇಳುತ್ತದೆ. ಪರಸ್ಪರ ಪ್ರೀತಿ ಎಷ್ಟಿದ್ದರೂ ಯಾರ ಕೆಲಸ ಯಾವುದು ಎಂಬುದು ತಿಳಿಯದಿದ್ದರೆ ತಂಡ ಉಳಿಯದು.

ಮಿತಿಗಳು

ಸಹಕಾರವೆಂಬುದು ಸರ್ವರೋಗ ನಿವಾರಕವೇನೂ ಅಲ್ಲ. ಎಲ್ಲರ ಒಪ್ಪಿಗೆ ಪಡೆಯುವಷ್ಟರಲ್ಲಿ ಸಮಯ ಮೀರಿಹೋಗಬಹುದು. ಸದಸ್ಯರ ಕೈಯಲ್ಲಿ ಹೆಚ್ಚಿನ ಬಂಡವಾಳವಿಲ್ಲದ ಕಾರಣ ಕಟ್ಟಡದ ದುರಸ್ತಿ, ಹೊಸ ಯಂತ್ರಗಳ ಖರೀದಿ ಹಿಂದೆ ಬೀಳಬಹುದು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ದಶಕಗಳ ಕಾಲ ನಡೆದ ಕಾಫಿ ಹೌಸ್ 2009ರಲ್ಲಿ ಆ ಜಾಗವನ್ನು ತೆರವು ಮಾಡಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರವಾದಾಗ ಅನೇಕರು ಮರುಗಿದರು. ಇತ್ತ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಮಳಿಗೆ ತೆರೆದ ಕೆಫೆ ಕಾಫಿ ಡೇ, ಖಾಸಗಿ ಬಂಡವಾಳದ ಬಲದಿಂದ ಕೆಲವೇ ವರ್ಷಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಸಾಲದ ಹೊರೆಯ ಅಪಾಯವೇನೆಂಬುದೂ ಮುಂದೆ ಅದೇ ಸಂಸ್ಥೆಯಿಂದ ನಾಡಿಗೆ ತಿಳಿಯಿತು. ಎರಡು ಮಾರ್ಗಗಳಿಗೂ ಅದರದರ ಬೆಲೆಯಿದೆ.

ಇನ್ನೂ ಸೂಕ್ಷ್ಮವಾದ ಅಪಾಯವೊಂದಿದೆ. ಮೊದಲ ತಲೆಮಾರಿನವರು ಕಷ್ಟಪಟ್ಟು ಕಟ್ಟಿದ ಸಂಘದಲ್ಲಿ, ಹೊಸಬರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳದೆ ದಿನಗೂಲಿಯವರಾಗಿಯೇ ಇರಿಸಿಕೊಳ್ಳುವ ಪ್ರವೃತ್ತಿ ಎಲ್ಲ ದೇಶಗಳ ಕಾರ್ಮಿಕ ಸಹಕಾರಗಳನ್ನೂ ಕಾಡಿದೆ. ಆಗ ನೆನ್ನೆಯ ಆಳುಗಳೇ ಇಂದಿನ ಧಣಿಗಳಾಗುತ್ತಾರೆ. ಹೆಸರಿನಲ್ಲಿ ಸಮವಾಯ, ಒಳಗೆ ಮತ್ತೆ ಎಲಚಿಹಣ್ಣಿನ ಕುಂಡ. ಕುಟುಂಬದ ಉದ್ಯಮಗಳಿಗೂ, ನಮ್ಮ ಕನ್ನಡ ಸಂಘಗಳಿಗೂ ಈ ಮಾತು ಅನ್ವಯಿಸುತ್ತದೆ. ಸ್ಥಾಪಕರ ನೆನಪನ್ನು ಗೌರವಿಸುತ್ತಲೇ, ನಿನ್ನೆ ಮೊನ್ನೆ ಸೇರಿದವರಿಗೂ ಕೈಯೆತ್ತಿ ಮತ ಹಾಕುವ ಹಕ್ಕನ್ನು ಯಾವಾಗ, ಹೇಗೆ ಕೊಡುತ್ತೇವೆ ಎಂಬುದರ ಮೇಲೆ ಸಂಸ್ಥೆಯ ಆಯುಷ್ಯ ನಿಂತಿದೆ.

ಸಾರಾಂಶ

ಮೇಲಿನ ವಿವೇಚನೆಯಿಂದ ಉದ್ಯಮಶೀಲ ಕುಟುಂಬಗಳು ಅನುಸರಿಸಬಹುದಾದ ಕೆಲವು ಸೂತ್ರಗಳನ್ನು ಹೀಗೆ ಸಂಗ್ರಹಿಸಬಹುದು:

1. ಲಾಭದಲ್ಲಿ ನೌಕರರ ಪಾಲು ಎಷ್ಟೆಂಬುದನ್ನು ಮುಂಚಿತವಾಗಿ ನಿಗದಿಪಡಿಸಿ, ತಿಳಿಸುವುದು.
2. ವರ್ಷಕ್ಕೊಮ್ಮೆಯಾದರೂ ಆದಾಯ-ವೆಚ್ಚದ ಚಿತ್ರವನ್ನು ಎಲ್ಲರ ಮುಂದಿಟ್ಟು, ಪ್ರಶ್ನೆಗಳಿಗೆ ಉತ್ತರಿಸುವುದು.
3. ಪ್ರತಿಯೊಬ್ಬರ ಹೊಣೆಯನ್ನು ಸ್ಪಷ್ಟಪಡಿಸುವುದು. ಕಷ್ಟದ ಕೆಲಸಗಳನ್ನು ಸರದಿಯಂತೆ ಹಂಚುವುದು.
4. ಮೇಲಿನ ಹುದ್ದೆಗಳಿಗೆ ಮೊದಲು ಒಳಗಿನವರನ್ನು ಪರಿಗಣಿಸುವುದು, ಅದಕ್ಕೆ ಬೇಕಾದ ತರಬೇತಿ ನೀಡುವುದು.
5. ತಪ್ಪನ್ನು ತಾವಾಗಿ ಹೇಳಿಕೊಂಡವರನ್ನು ದಂಡಿಸದಿರುವುದು.
6. ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ವ್ಯವಹರಿಸುವುದು.
7. ಹೊಸಬರು ಪೂರ್ಣ ಹಕ್ಕುದಾರರಾಗುವ ಮಾರ್ಗ ಮತ್ತು ಅವಧಿಯನ್ನು ಬರೆದಿಡುವುದು.

ಈ ಏಳರಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ. ಆದರೆ ಧಣಿಯು ತನ್ನ ಅಧಿಕಾರದ ಒಂದಂಶವನ್ನು ಬಿಟ್ಟುಕೊಡಬೇಕಾಗುತ್ತದೆ. 1957-58ರಲ್ಲಿ ಕೆಲಸ ಕಳೆದುಕೊಳ್ಳುವ ಅಂಚಿನಲ್ಲಿದ್ದ ನೌಕರರಿಗೆ ಕಳೆದುಕೊಳ್ಳಲು ಅಧಿಕಾರವಿರಲಿಲ್ಲ, ಆದ್ದರಿಂದ ಅವರಿಗೆ ಒಂದಾಗುವುದು ಅನಿವಾರ್ಯವಾಯಿತು. ಅಧಿಕಾರವಿದ್ದೂ ಹಂಚಿಕೊಳ್ಳುವುದು ಅದಕ್ಕಿಂತ ಕಷ್ಟದ ಕೆಲಸ. ಮುಂದಿನ ಬಾರಿ ಮನೆಮಂದಿಯೊಡನೆ ಕಾಲೇಜ್ ಸ್ಟ್ರೀಟಿಗೆ ಹೋದಾಗ, ನಮ್ಮ ಕಾಫಿಯ ಲೋಟವನ್ನು ತಂದಿಡುವ ವ್ಯಕ್ತಿಯು ಆ ಸಂಸ್ಥೆಯ ಮತದಾರನೂ ಇರಬಹುದೆಂಬುದನ್ನು ಮಕ್ಕಳಿಗೆ ತಿಳಿಸಿಕೊಡೋಣ.